ಕರೆಂಟು ಹೋದರೆ ಲ್ಯಾಪ್‌ಟಾಪಿನ ವೈಫೈ ಯಾಕೆ ಹೋಗಬೇಕು?

ಕಲಬುರಗಿಯ ಬೇಸಿಗೆಯಲ್ಲಿ ಕರೆಂಟು ಹೋಯಿತೆಂದರೆ ನೆಟ್ಟೂ ಹೋಯಿತು ಎಂಬುದು ಎಲ್ಲರೂ ಒಪ್ಪಿಕೊಂಡ ಮಾತು. ಒಂದು ಕಾಲಕ್ಕೆ ಅದು ನಿಜವೂ ಆಗಿತ್ತು. ರೂಟರಿನ ಅಡಾಪ್ಟರು ಗೋಡೆಯ ಪ್ಲಗ್ಗಿನಲ್ಲಿರುತ್ತಿತ್ತು, ಕರೆಂಟು ಹೋದ ಕೂಡಲೇ ಅದರ ದೀಪವೂ ಆರುತ್ತಿತ್ತು. ಈಗ ಬ್ರಹ್ಮಪುರದ ನಮ್ಮ ಓಣಿಯಲ್ಲಿ ಇನ್ವರ್ಟರ್ ಇಲ್ಲದ ಮನೆ ಅಪರೂಪ. ಹೊರಗೆ 42 ಡಿಗ್ರಿ ಇರುವಾಗ ಫ್ಯಾನು ನಿಲ್ಲಬಾರದೆಂದು ತಂದ ಇನ್ವರ್ಟರಿಗೇ ರೂಟರನ್ನೂ ಜೋಡಿಸಿರುತ್ತಾರೆ. ಹೀಗಾಗಿ ಕರೆಂಟು ಹೋದರೂ ಮನೆಯವರ ಫೋನುಗಳಲ್ಲಿ ವಿಡಿಯೋ ನಿಲ್ಲುವುದಿಲ್ಲ. ಆದರೂ ಅಣ್ಣನ ಮನೆಯಲ್ಲಿ ಕರೆಂಟು ಹೋದಾಗಲೆಲ್ಲ ಲ್ಯಾಪ್‌ಟಾಪೊಂದರಲ್ಲಿ ಮಾತ್ರ ವೈಫೈ ಕೈಕೊಡುತ್ತಿತ್ತು. ಅದರ ಬೆನ್ನು ಹತ್ತಿದ ಕಥೆ ಇದು. ಇಂಥ ದೋಷದ ಒಳಗೆ ನಮ್ಮಂಥವರು ಎಲ್ಲಿಯವರೆಗೆ ಇಳಿಯಬಹುದು, ಯಾವ ಜಾಗದಲ್ಲಿ ಬಾಗಿಲು ಮುಚ್ಚಿರುತ್ತದೆ ಎಂಬುದು ಅದರಲ್ಲಿ ಸ್ಪಷ್ಟವಾಗಿ ಕಂಡಿತು.

ಲ್ಯಾಪ್‌ಟಾಪು ಅಣ್ಣನ ಮಗಳದು. ಬಿ.ಎಡ್. ಮುಗಿಸಿ ಶಿಕ್ಷಕರ ನೇಮಕಾತಿಗೆ ಓದುತ್ತಿದ್ದಾಳೆ, ದಿನವೂ ಸಂಜೆ ಆನ್‌ಲೈನ್ ಕ್ಲಾಸು. ಯಂತ್ರ ಹಳೆಯದು, ಆದರೆ ಗಟ್ಟಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಈ ಪ್ರೊಸೆಸರನ್ನು ಒಪ್ಪುವುದಿಲ್ಲ. ಚೆನ್ನಾಗಿ ನಡೆಯುವ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸಾಗದೆ ಅದರಲ್ಲಿ ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಂ ಹಾಕಿಕೊಂಡಿದ್ದಳು. ನಾನು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವವನಾದ್ದರಿಂದ ಮನೆತನದ ಯಾವ ಯಂತ್ರಕ್ಕೆ ಏನಾದರೂ ಕೊನೆಗೆ ನನ್ನ ಹತ್ತಿರ ಬರುತ್ತದೆ. ಶರಣಬಸವೇಶ್ವರ ಜಾತ್ರೆ ಮುಗಿದು ಬಿಸಿಲು ಏರಿದ ಮೇಲೆ ಇದೂ ಬಂತು.

"ಕಾಕಾ, ವೈಫೈ ನಿಲ್ಲವಲ್ದು ನೋಡ್ರಿ. ಕರೆಂಟ್ ಹೋದ್ರ ಸಾಕು, ಇದೂ ಹೋಗ್ತದ. ಕ್ಲಾಸಿನ ನಡುವ ಹೊರಗ ಬಂದ್ಬಿಡ್ತೀನಿ."

"ಇನ್ವರ್ಟರ್ ಬ್ಯಾಟರಿ ಹಳೇದಾಗ್ಯಾದ. ಬದ್ಲಿ ಮಾಡ್ಸಿದ್ರ ಎಲ್ಲಾ ಸರಿ ಆಗ್ತದ" ಅಂತ ಅಣ್ಣ. ಇನ್ವರ್ಟರಿನ ಬ್ಯಾಟರಿ ಎಂದರೆ ಸಾವಿರಗಟ್ಟಲೆ ರೂಪಾಯಿ. ಅಷ್ಟು ಖರ್ಚಿಗೆ ಕೈಹಾಕುವ ಮುಂಚೆ ದೋಷ ನಿಜವಾಗಿ ಎಲ್ಲಿದೆ ಎಂದು ತಿಳಿಯಬೇಕಲ್ಲ.

ಅದಕ್ಕೂ ಮೊದಲು ಸೂಪರ್ ಮಾರ್ಕೆಟ್ ಕಡೆಯ ಒಂದು ಅಂಗಡಿಗೆ ಅದನ್ನು ಒಯ್ದಿದ್ದರು. ಅಂಗಡಿಯವರು ಒಳ್ಳೆಯ ಮನುಷ್ಯರೇ. "ನಮ್ ಕಡೆ ಎರಡ್ ತಾಸು ಇಟ್ಟು ನೋಡಿನ್ರಿ, ಎಲ್ಲಾ ಬರೋಬ್ಬರಿ ನಡೀಲತ್ತದ. ಫಾರ್ಮ್ಯಾಟ್ ಹೊಡದ್ರ ಚೊಲೋ ಆಗ್ತದ್ರಿ" ಎಂದು ಹೇಳಿ ಕಳಿಸಿದ್ದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಅಂಗಡಿಯ ಟೇಬಲ್ಲಿನ ಮೇಲೆ ಲ್ಯಾಪ್‌ಟಾಪು ಯಾವಾಗಲೂ ಚಾರ್ಜರಿಗೆ ಸಿಕ್ಕಿಸಿಯೇ ಇರುತ್ತದೆ. ಈ ಸಣ್ಣ ವಿವರದಲ್ಲೇ ಎಲ್ಲ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಪೂರ್ತಿ ಕೆಟ್ಟ ವೈಫೈಗೆ ಮದ್ದು ಹುಡುಕುವುದು ಸುಲಭ. ವೈಫೈ ಕಾರ್ಡು ಕಾಣುತ್ತದೋ ಇಲ್ಲವೋ, ಅದನ್ನು ನಡೆಸುವ ತಂತ್ರಾಂಶವಾದ ಡ್ರೈವರು ಲೋಡ್ ಆಗಿದೆಯೋ ಇಲ್ಲವೋ, ಒಂದು ಕಮಾಂಡಿನಲ್ಲಿ ಗೊತ್ತಾಗುತ್ತದೆ. ಆಗಾಗ ಹೋಗಿ ತಾನೇ ತಾನಾಗಿ ಮರಳುವ ವೈಫೈ ಹಾಗಲ್ಲ. ರಿಪೇರಿ ಮಾಡುವವನ ಮುಂದೆ ಅದು ಸರಿಯಾಗಿರುತ್ತದೆ. ಏನೋ ಒಂದನ್ನು ಬದಲಿಸಿದಾಗ ಕಾಕತಾಳೀಯವಾಗಿ ನೆಟ್ಟಗಾದರೆ ಬದಲಿಸಿದ್ದಕ್ಕೇ ಸರಿಹೋಯಿತು ಎಂಬ ನಂಬಿಕೆ ಹುಟ್ಟುತ್ತದೆ. ಹಾಗಾಗಿ ವಿದ್ಯಾರ್ಥಿಗಳಿಗೆ ನಾನು ಒಂದೇ ಒಂದು ಶಿಸ್ತನ್ನು ಹಟ ಹಿಡಿದು ಹೇಳುತ್ತೇನೆ. ಬೇಕೆಂದಾಗ ದೋಷವನ್ನು ಬರಿಸಲು ಕಲಿಯುವ ತನಕ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ. ಫಾರ್ಮ್ಯಾಟ್ ಹೊಡೆಯುವುದೆಂದರೆ ಇದ್ದ ಸಾಕ್ಷ್ಯವನ್ನೆಲ್ಲ ಅಳಿಸಿಹಾಕುವುದು. ಸರಿಯಾದರೂ ಯಾಕೆ ಸರಿಯಾಯಿತು ಎಂದು ತಿಳಿಯುವುದಿಲ್ಲ, ಮತ್ತೆ ಕೆಟ್ಟರೆ ಮೊದಲಿನಿಂದ ಶುರು.

ಹಾಗಾಗಿ ಮೊದಲು ಮನೆಯನ್ನೇ ನೋಡಿದೆವು. ಅಣ್ಣನದು ಅಜ್ಜನ ಕಾಲದ ಮನೆ. ನೆಲಕ್ಕೂ ಗೋಡೆಗೂ ಶಹಾಬಾದ್ ಕಲ್ಲು, ಗೋಡೆಯ ದಪ್ಪ ಒಂದೂವರೆ ಅಡಿಗೆ ಕಡಿಮೆಯಿಲ್ಲ. ಬೇಸಿಗೆಗೆ ಇದಕ್ಕಿಂತ ತಂಪಾದ ಮನೆ ಇಲ್ಲ, ರೇಡಿಯೋ ಅಲೆಗಳಿಗೆ ಇದಕ್ಕಿಂತ ಕಷ್ಟದ ಮನೆಯೂ ಇಲ್ಲ. ರೂಟರು ಪಡಸಾಲೆಯಲ್ಲಿ, ಅವಳು ಓದುವುದು ಹಿಂದಿನ ಕೋಣೆಯಲ್ಲಿ. ವೈಫೈ ಸಿಗ್ನಲನ್ನು ಡಿಬಿಎಂ ಎಂಬ ಮಾನದಲ್ಲಿ ಅಳೆಯುತ್ತಾರೆ. ಸಂಖ್ಯೆ ಸೊನ್ನೆಗಿಂತ ಕೆಳಗಿರುತ್ತದೆ. 3 ಡೆಸಿಬೆಲ್ ಇಳಿದರೆ ಶಕ್ತಿ ಅರ್ಧಕ್ಕಿಳಿದಂತೆ, 10 ಇಳಿದರೆ ಹತ್ತನೆಯ ಒಂದು ಪಾಲು. ಪಡಸಾಲೆಯಲ್ಲಿ ಮೈನಸ್ 45 ಇದ್ದದ್ದು ಹಿಂದಿನ ಕೋಣೆಯಲ್ಲಿ ಮೈನಸ್ 68 ತೋರಿಸಿತು. ಅಂದರೆ ಎರಡು ಗೋಡೆ ದಾಟುವಷ್ಟರಲ್ಲಿ ಸುಮಾರು ಇನ್ನೂರರಲ್ಲಿ ಒಂದು ಪಾಲು ಮಾತ್ರ ಉಳಿದಿದೆ. ಕೇಳಲು ಭಯವಾಗುತ್ತದೆ, ಆದರೆ ರೇಡಿಯೋ ರಿಸೀವರುಗಳು ಇಂಥ ಕ್ಷೀಣ ಸಂಕೇತಕ್ಕೆಂದೇ ಆದವು. ಮೈನಸ್ 68ರಲ್ಲಿ ಕ್ಲಾಸಿನ ವಿಡಿಯೋ ನಡೆಯುತ್ತದೆ. ಮೈನಸ್ 80 ದಾಟಿದರೆ ನಿಜವಾದ ತೊಂದರೆ.

ಅವಳ ಫೋನನ್ನು ಅದೇ ಮೇಜಿನ ಮೇಲೆ, ಲ್ಯಾಪ್‌ಟಾಪಿನ ಪಕ್ಕದಲ್ಲೇ ಇಟ್ಟೆವು. ಕರೆಂಟು ಹೋದಾಗ ಫೋನಿನ ಸಂಪರ್ಕ ಹಾಗೇ ಇತ್ತು, ಲ್ಯಾಪ್‌ಟಾಪಿನದು ಹೋಯಿತು. ಅಲ್ಲಿಗೆ ಇನ್ವರ್ಟರು, ರೂಟರು, ಗೋಡೆ ಮೂರೂ ಒಟ್ಟಿಗೆ ಅನುಮಾನದಿಂದ ಹೊರಬಂದವು. ಆಮೇಲೆ ಫೋನನ್ನು ಯುಎಸ್‌ಬಿ ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಫೋನಿನ ನೆಟ್ಟನ್ನೇ ಕೊಟ್ಟು ನೋಡಿದೆವು. ಕರೆಂಟು ಇದ್ದಾಗಲೂ ಹೋದಾಗಲೂ ತಪ್ಪದೆ ನಡೆಯಿತು. ಬ್ರೌಸರು, ಜಾಲತಾಣದ ಹೆಸರಿನಿಂದ ಅದರ ವಿಳಾಸ ಹುಡುಕುವ ಡಿಎನ್‌ಎಸ್, ಲಿನಕ್ಸಿನ ನೆಟ್‌ವರ್ಕಿನ ಮೇಲಿನ ಪದರಗಳು ಸರಿಯಾಗಿವೆ ಎಂದಾಯಿತು. ಉಳಿದದ್ದು ವೈಫೈ ಕಾರ್ಡು, ಅದರ ಡ್ರೈವರು, ಕಾರ್ಡಿನೊಳಗೇ ನಡೆಯುವ ತಂತ್ರಾಂಶವಾದ ಫರ್ಮ್‌ವೇರು. ದುಡ್ಡು ಖರ್ಚಿಲ್ಲದೆ ಅರ್ಧ ತಾಸಿನಲ್ಲಿ ಇಷ್ಟು ದೂರ ಬರಬಹುದು. ಬಹಳ ಜನ ಈ ಎರಡು ಪರೀಕ್ಷೆಗಳನ್ನು ಬಿಟ್ಟು ನೇರವಾಗಿ ಡ್ರೈವರು ಬದಲಿಸಲು ಹೋಗುತ್ತಾರೆ ಎಂಬುದು ನನಗೆ ಬೇಸರದ ವಿಷಯ.

ಚಾನೆಲ್ಲಿನ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಒತ್ತೊತ್ತಾಗಿ ಮನೆಗಳಿರುವ ಹಳೆಯ ಓಣಿಗಳಲ್ಲಿ ಇದು ನಿಜವಾದ ಸಮಸ್ಯೆ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಚಾನೆಲ್ಲುಗಳು 5 ಮೆಗಾಹರ್ಟ್ಸ್ ಅಂತರದಲ್ಲಿ ಕೂತಿವೆ. ಒಂದೊಂದು ರೂಟರು ಬಳಸುವುದು ಕನಿಷ್ಠ 20 ಮೆಗಾಹರ್ಟ್ಸ್ ಅಗಲ. ಹಾಗಾಗಿ ಒಂದರ ಮೇಲೊಂದು ಬೀಳದಂತೆ ಸಿಗುವುದು 1, 6, 11 ಈ ಮೂರೇ. ಅಣ್ಣನ ಮನೆಯ ರೂಟರು ತಾನಾಗಿ ಚಾನೆಲ್ ಬದಲಿಸುತ್ತಿತ್ತು. ಅದನ್ನು 11ಕ್ಕೆ ನಿಲ್ಲಿಸಿದೆವು. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಧಾರಾಳ. ಭಾರತದಲ್ಲಿ 2018ರ ಅಕ್ಟೋಬರಿನಲ್ಲಿ ಆ ಪಟ್ಟಿಯ 605 ಮೆಗಾಹರ್ಟ್ಸನ್ನು ಪರವಾನಗಿಯಿಲ್ಲದ ಬಳಕೆಗೆ ಬಿಟ್ಟ ಮೇಲಂತೂ ಇನ್ನೂ ಧಾರಾಳ. ಆದರೆ ಅದು ಕಲ್ಲುಗೋಡೆಯಲ್ಲಿ ಬೇಗ ಸೋಲುತ್ತದೆ, ಹಿಂದಿನ ಕೋಣೆಗೆ ಮುಟ್ಟುವುದೇ ಇಲ್ಲ. ಚಾನೆಲ್ ನಿಲ್ಲಿಸಿದ್ದರಿಂದ ವೇಗ ಸ್ವಲ್ಪ ಹೆಚ್ಚಿತು. ದೋಷ ಮಾತ್ರ ಹೋಗಲಿಲ್ಲ.

ಬಿಸಿಲಿನ ತಾಪಕ್ಕೆ ಕಾರ್ಡು ಕೈಕೊಡುತ್ತದೆ ಎಂದು ಪಕ್ಕದ ಮನೆಯ ಹಿರಿಯರು ಹೇಳಿದರು. ನಮ್ಮೂರಿನಲ್ಲಿ ಅದು ತಳ್ಳಿಹಾಕುವ ಮಾತಲ್ಲ. ನಸುಕಿನಲ್ಲಿ, ತಂಪು ಹೊತ್ತಿನಲ್ಲಿಯೂ ಕರೆಂಟು ಹೋದಾಗ ಹಾಗೇ ಆಯಿತು. ತಾಪದ ಮಾತು ಅಲ್ಲಿಗೆ ಮುಗಿಯಿತು.

ಇನ್ನು ಲಾಗ್, ಅಂದರೆ ಯಂತ್ರ ಬರೆದಿಡುವ ದಿನಚರಿ. ನನ್ನ ಮಟ್ಟಿಗೆ ಈ ಕೆಲಸದಲ್ಲಿ ಅತ್ಯಂತ ಖುಷಿ ಕೊಡುವ ಭಾಗ ಇದೇ. ಲಿನಕ್ಸಿನ ತಿರುಳಾದ ಕರ್ನಲ್ಲು ತನ್ನ ಒಳಗೆ ಆದದ್ದನ್ನೆಲ್ಲ ಗಳಿಗೆ ಸಮೇತ ಬರೆದಿಡುತ್ತದೆ. ಜರ್ನಲ್‌ಸಿಟಿಎಲ್ ಎಂಬ ಕಮಾಂಡಿಗೆ ಕೆ ಮತ್ತು ಎಫ್ ಎಂಬ ಆಯ್ಕೆ ಕೊಟ್ಟು ಒಂದು ಕಿಟಕಿಯಲ್ಲಿ ಬಿಟ್ಟರೆ, ಆಗುತ್ತಿರುವುದು ಆಗಲೇ ಸಾಲುಸಾಲಾಗಿ ಕಾಣುತ್ತದೆ. ಅವಳಿಗೆ ಹೇಳಿದೆ: ಕರೆಂಟು ಹೋದ ಗಳಿಗೆಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡು, ವೈಫೈ ಹೋದ ಗಳಿಗೆಯನ್ನು ಲಾಗ್ ತಾನೇ ಬರೆದಿಡುತ್ತದೆ. ಎರಡನ್ನೂ ಎದುರುಬದುರು ಇಟ್ಟು ನೋಡಿದಾಗ ಮನೆಯವರು ಯಾರೂ ಗಮನಿಸದಿದ್ದ ಒಂದು ಸಂಗತಿ ಎದ್ದು ಕಂಡಿತು. ಕರೆಂಟು ಹೋದ ಕ್ಷಣಕ್ಕೇ ವೈಫೈ ಹೋಗುತ್ತಿರಲಿಲ್ಲ. ಒಂದೆರಡು ನಿಮಿಷ ಬಿಟ್ಟು ಹೋಗುತ್ತಿತ್ತು. ಇನ್ವರ್ಟರಿನ ಬದಲಾವಣೆ ಕಾರಣವಾಗಿದ್ದರೆ ಅದೇ ಸೆಕೆಂಡಿಗೆ ಆಗಬೇಕಿತ್ತು.

ಲಾಗಿನ ಭಾಷೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ರೂಟರು ಲ್ಯಾಪ್‌ಟಾಪನ್ನು ಹೊರಹಾಕಿದರೆ ಒಂದು ಬಗೆಯ ಸಾಲು ಬರುತ್ತದೆ, ಕಾರಣದ ಸಂಖ್ಯೆಯೊಂದಿಗೆ. ವೈಫೈಗೆಂದು ಇರುವ 802.11 ಮಾನಕದಲ್ಲಿ ಈ ಸಂಖ್ಯೆಗಳಿಗೆಲ್ಲ ಅರ್ಥ ಗೊತ್ತುಮಾಡಿದ್ದಾರೆ. 4 ಎಂದರೆ ಬಹಳ ಹೊತ್ತು ಸದ್ದಿಲ್ಲದ್ದಕ್ಕೆ ಕಡಿದದ್ದು. 15 ಎಂದರೆ ಕೀಲಿಗಳ ವಿನಿಮಯ ಹೊತ್ತಿಗೆ ಸರಿಯಾಗಿ ಮುಗಿಯಲಿಲ್ಲ. ಬಹಳ ಸಲ ಪಾಸ್‌ವರ್ಡ್ ತಪ್ಪಿದಾಗ ಬರುವುದು. ಲ್ಯಾಪ್‌ಟಾಪು ತಾನೇ 'ಆ್ಯಕ್ಸೆಸ್ ಪಾಯಿಂಟಿನ (ಅಂದರೆ ರೂಟರಿನ) ಸಂಪರ್ಕ ತಪ್ಪಿಹೋಯಿತು' ಎಂದು ತೀರ್ಮಾನಿಸಿದರೆ ಬರುವ ಸಾಲು ಬೇರೆ. ನಮಗೆ ಕಂಡದ್ದು ಈ ಎರಡನೆಯದು. ನಾನಿಲ್ಲಿದ್ದೇನೆ ಎಂದು ರೂಟರು ಸಾರುವ ಬೀಕನ್ನುಗಳು ಸೆಕೆಂಡಿಗೆ ಹತ್ತರಂತೆ ಬರುತ್ತಲೇ ಇವೆ, ಪಕ್ಕದ ಫೋನಿಗೆ ಕೇಳಿಸುತ್ತಿವೆ, ಲ್ಯಾಪ್‌ಟಾಪಿಗೆ ಮಾತ್ರ ಕೇಳಿಸುತ್ತಿಲ್ಲ.

ಕರೆಂಟು ಹೋದಾಗ ಲ್ಯಾಪ್‌ಟಾಪಿಗೆ ಆಗುವುದೇನು? ಅದರ ಚಾರ್ಜರಿನ ಪ್ಲಗ್ಗು ಇನ್ವರ್ಟರಿಗೆ ಜೋಡಿಸಿಲ್ಲ, ಹಾಗಾಗಿ ಅದು ತನ್ನ ಬ್ಯಾಟರಿಗೆ ಹೊರಳುತ್ತದೆ, ಅಷ್ಟೇ. ಹಾಗಾದರೆ ಕರೆಂಟು ಇರುವಾಗಲೇ ಚಾರ್ಜರ್ ಕಿತ್ತರೆ? ಕಿತ್ತೆವು. ಒಂದೆರಡು ನಿಮಿಷಕ್ಕೆ ವೈಫೈ ಹೋಯಿತು. ಸಿಕ್ಕಿಸಿದೆವು, ಬಂತು. ಮತ್ತೆ ಕಿತ್ತೆವು, ಮತ್ತೆ ಹೋಯಿತು. "ಕಾಕಾ, ಇದು ಕರೆಂಟಿಂದಲ್ರಿ, ಚಾರ್ಜರಿಂದು!" ಎಂದು ಅವಳು ಕುಣಿದಾಡಿಬಿಟ್ಟಳು. ಬೇಕೆಂದಾಗ ಬರಿಸುವ ದಾರಿ ಕೈಗೆ ಸಿಕ್ಕಿತ್ತು. ಅಂಗಡಿಯ ಟೇಬಲ್ಲಿನ ಮೇಲೆ ಎಷ್ಟು ತಾಸು ಇಟ್ಟರೂ ದೋಷ ಕಾಣದಿದ್ದದ್ದು ಇದಕ್ಕೇ. ಅಲ್ಲಿ ಚಾರ್ಜರ್ ಕಿತ್ತು ನೋಡುವ ಪ್ರಸಂಗವೇ ಬರುವುದಿಲ್ಲ.

ಅವಳು ಬ್ಯಾಟರಿ ಹೆಚ್ಚು ಹೊತ್ತು ಬರಲೆಂದು ಒಂದು ಉಳಿತಾಯದ ಪ್ರೋಗ್ರಾಂ ಹಾಕಿಕೊಂಡಿದ್ದಳು. ಚಾರ್ಜರ್ ತಪ್ಪಿದ ಕೂಡಲೇ ಅದು ಯಂತ್ರದ ಭಾಗಗಳನ್ನು ಒಂದೊಂದಾಗಿ ಮಿತವ್ಯಯಕ್ಕೆ ಇಳಿಸುತ್ತದೆ. ಅದರಲ್ಲಿ ವೈಫೈಗೆ ಸಂಬಂಧಿಸಿದವು ಎರಡು, ಮತ್ತು ಈ ಎರಡನ್ನೂ ಜನ ಒಂದೇ ಎಂದುಕೊಳ್ಳುತ್ತಾರೆ.

ಮೊದಲನೆಯದು ಗಾಳಿಯಲ್ಲಿ ನಡೆಯುವ ಉಳಿತಾಯ. ಊರಿಗೆ ಹೊರಟವರು ಪಕ್ಕದ ಮನೆಯವರಿಗೆ "ಯಾರಾದ್ರೂ ಏನಾದ್ರೂ ತಂದ್ರ ಇಟ್ಕೊಂಡಿರ್ರಿ" ಎಂದು ಹೇಳಿಹೋಗುವಂತೆ, ಲ್ಯಾಪ್‌ಟಾಪಿನ ಕಾರ್ಡು ರೂಟರಿಗೆ ತಿಳಿಸಿ ತನ್ನ ರೇಡಿಯೋವನ್ನು ಮಲಗಿಸುತ್ತದೆ. ರೂಟರು ಬಂದ ಮಾಹಿತಿಯ ತುಣುಕುಗಳನ್ನು, ಅಂದರೆ ಪ್ಯಾಕೆಟ್ಟುಗಳನ್ನು, ಕೂಡಿಡುತ್ತದೆ. ಸಾಮಾನ್ಯವಾಗಿ 102.4 ಮಿಲಿಸೆಕೆಂಡಿಗೊಮ್ಮೆ ಬರುವ ಬೀಕನ್ನಿನಲ್ಲಿ ಯಾರ ಪ್ಯಾಕೆಟ್ಟು ಕಾದಿವೆ ಎಂಬ ಪಟ್ಟಿ ಇರುತ್ತದೆ. ಕಾರ್ಡು ಸರಿಯಾಗಿ ಆ ಗಳಿಗೆಗೆ ಎದ್ದು, ಪಟ್ಟಿ ನೋಡಿ, ತನ್ನದಿದ್ದರೆ ಕೇಳಿ ಪಡೆದು ಮತ್ತೆ ಮಲಗಬೇಕು. ಏಳುವುದು ತುಸು ತಡವಾದರೆ ಬೀಕನ್ ತಪ್ಪುತ್ತದೆ. ಸಾಲಾಗಿ ಕೆಲವು ತಪ್ಪಿದರೆ ಲಿನಕ್ಸ್ ರೂಟರನ್ನು ಕೂಗಿ ನೋಡುತ್ತದೆ. ಉತ್ತರ ಬರದಿದ್ದರೆ ಸಂಪರ್ಕ ಹೋಯಿತೆಂದು ಬರೆದುಬಿಡುತ್ತದೆ.

ಎರಡನೆಯದು ಲ್ಯಾಪ್‌ಟಾಪಿನ ಒಳಗೇ ನಡೆಯುವುದು. ಕಾರ್ಡು ಮದರ್‌ಬೋರ್ಡಿಗೆ ಪಿಸಿಐ ಎಕ್ಸ್‌ಪ್ರೆಸ್ ಎಂಬ ಕೊಂಡಿಯಿಂದ ಜೋಡಿಸಿರುತ್ತದೆ. ಆ ಕೊಂಡಿಯೂ ಕೆಲಸವಿಲ್ಲದಾಗ ಮಲಗಬಲ್ಲದು. ಇದಕ್ಕೆ ಎಎಸ್‌ಪಿಎಂ ಎನ್ನುತ್ತಾರೆ. ಎಲ್0 ಎಂದರೆ ಪೂರ್ತಿ ಎಚ್ಚರ, ಎಲ್1 ಎಂದರೆ ನಿದ್ದೆ, ಅದರೊಳಗೂ ಎಲ್1.1, ಎಲ್1.2 ಎಂಬ ಆಳಗಳಿವೆ. ಆಳ ಹೆಚ್ಚಿದಷ್ಟು ವಿದ್ಯುತ್ತು ಉಳಿಯುತ್ತದೆ, ಏಳಲು ಹೊತ್ತೂ ಹೆಚ್ಚು ಬೇಕು. ಕಾರ್ಡು, ಮದರ್‌ಬೋರ್ಡು, ಯಂತ್ರವನ್ನು ಶುರುಮಾಡುವ ಬಯೋಸ್ ಈ ಮೂರೂ ಏಳುವ ಹೊತ್ತಿನ ಬಗ್ಗೆ ಒಪ್ಪಿಕೊಂಡಿರಬೇಕು. ಒಪ್ಪಂದದಲ್ಲಿ ಬಿರುಕಿದ್ದರೆ ಕಾರ್ಡು ಮಲಗಿದ್ದು ಏಳುವುದೇ ಇಲ್ಲ.

ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಮೊದಲನೆಯ ಉಳಿತಾಯವನ್ನು ಬಂದ್ ಮಾಡಿದೆವು. ಇಲ್ಲಿ ಒಂದು ಎಚ್ಚರಿಕೆ: ಆ ಸ್ವಿಚ್ಚಿಗೆ ಕೈಹಾಕುವವರು ಇಬ್ಬರಿರುತ್ತಾರೆ. ಉಳಿತಾಯದ ಪ್ರೋಗ್ರಾಂ ಒಂದು, ಲಿನಕ್ಸಿನಲ್ಲಿ ನೆಟ್ ಸಂಪರ್ಕ ನೋಡಿಕೊಳ್ಳುವ ನೆಟ್‌ವರ್ಕ್ ಮ್ಯಾನೇಜರ್ ಇನ್ನೊಂದು. ನೆಟ್‌ವರ್ಕ್ ಮ್ಯಾನೇಜರಿನ ಸೆಟ್ಟಿಂಗ್ ಕಡತದಲ್ಲಿ ವೈಫೈ ಪವರ್‌ಸೇವ್ ಎಂಬ ಸಾಲಿಗೆ 2 ಎಂದರೆ ಬಂದ್, 3 ಎಂದರೆ ಚಾಲೂ. ಒಂದು ಕಡೆ ಬಂದ್ ಮಾಡಿ ಇನ್ನೊಂದು ಕಡೆ ಹಾಗೇ ಬಿಟ್ಟರೆ ಮರುದಿನ ಸೆಟ್ಟಿಂಗ್ ತಾನಾಗಿ ತಿರುಗಿರುತ್ತದೆ, ಏನು ಮಾಡಿದರೂ ನಿಲ್ಲುತ್ತಿಲ್ಲ ಎಂದು ಜನ ಬೇಸತ್ತುಬಿಡುತ್ತಾರೆ. ಎರಡೂ ಕಡೆ ಬಂದ್ ಮಾಡಿದೆವು. ದೋಷ ಬಹಳ ಕಡಿಮೆಯಾಯಿತು. ಒಂದೆರಡು ನಿಮಿಷಕ್ಕೆ ಬರುತ್ತಿದ್ದದ್ದು ತಾಸಿಗೊಮ್ಮೆ ಬರತೊಡಗಿತು.

ಬಹಳ ಜನ ನಿಲ್ಲಿಸಿಬಿಡುವುದು ಇಲ್ಲೇ. "ಈಗ ಭಾಳ ಪರವಾಗಿಲ್ರಿ" ಎಂದು ಅವಳೂ ಹೇಳಿದಳು. ಆದರೆ ಕಡಿಮೆಯಾಗುವುದಕ್ಕೂ ಹೋಗುವುದಕ್ಕೂ ಬಹಳ ಅಂತರವಿದೆ. ಅರ್ಜಿ ತುಂಬುತ್ತಿರುವಾಗ ಶುಲ್ಕ ಕಟ್ಟುವ ಪುಟದಲ್ಲಿ ಆ ತಾಸಿಗೊಮ್ಮೆ ಬಂದರೆ ಏನು ಗತಿ ಎಂದು ನನಗೆ ಚಿಂತೆ. ಲಾಗನ್ನು ಮತ್ತೆ ಓದಿದೆ. ಈಗ ಸಾಲು ಬೇರೆಯಾಗಿತ್ತು. ಕಾರ್ಡಿನೊಳಗಿನ ರಿಜಿಸ್ಟರ್ ಎಂಬ ಪುಟ್ಟ ನೆನಪಿನ ಕೋಶವೊಂದನ್ನು ಡ್ರೈವರು ಓದಲು ಹೋದಾಗ ಬಂದ ಬೆಲೆ ಎಂಟೂ ಎಫ್. ಹದಿನಾರರ ಮೂಲಮಾನದಲ್ಲಿ ಎಂಟು ಎಫ್ ಎಂದರೆ ಮೂವತ್ತೆರಡು ಬಿಟ್ಟುಗಳೂ 1. ಪಿಸಿಐ ಕೊಂಡಿಯ ಆಚೆ ತುದಿಯಲ್ಲಿ ಉತ್ತರ ಕೊಡುವವರು ಯಾರೂ ಇಲ್ಲದಿದ್ದರೆ ಬರುವ ಬೆಲೆ ಇದೇ. ಇದನ್ನು ಕಂಡಾಗ ಮೈ ಜುಮ್ಮೆಂದಿತು. ದೋಷ ಗಾಳಿಯಲ್ಲಿಲ್ಲ, ಸಿಗ್ನಲಿನಲ್ಲಿಲ್ಲ, ಕಲ್ಲಿನ ಗೋಡೆಯಲ್ಲಿಲ್ಲ. ಕಾರ್ಡಿಗೂ ಮದರ್‌ಬೋರ್ಡಿಗೂ ನಡುವಿನ ಕೆಲವೇ ಸೆಂಟಿಮೀಟರಿನ ಕೊಂಡಿಯಲ್ಲಿದೆ.

ಎಲ್‌ಎಸ್‌ಪಿಸಿಐ ಕಮಾಂಡು ಯಾವ ಕಾರ್ಡಿಗೆ ಯಾವ ಡ್ರೈವರ್ ಕೂತಿದೆ ಎಂದು ತೋರಿಸುತ್ತದೆ. ಆ ಡ್ರೈವರಿನ ಹೆಸರನ್ನು ಮಾಡ್‌ಇನ್ಫೋ ಕಮಾಂಡಿಗೆ ಕೊಟ್ಟರೆ ಅದಕ್ಕಿರುವ ಆಯ್ಕೆಗಳ ಪಟ್ಟಿ, ಒಂದೊಂದಕ್ಕೆ ಒಂದು ಸಾಲಿನ ವಿವರಣೆಯ ಜೊತೆ ಬರುತ್ತದೆ. ನಮ್ಮ ಡ್ರೈವರಿನಲ್ಲಿ ಎಎಸ್‌ಪಿಎಂ ಬಂದ್ ಮಾಡುವ ಆಯ್ಕೆ ಇತ್ತು. ಅಂದರೆ ಈ ಡ್ರೈವರು ಬರೆದವರಿಗೆ ಇಂಥ ತೊಂದರೆ ಬರಬಹುದೆಂದು ಗೊತ್ತಿತ್ತು, ಬಂದವರಿಗೆ ಒಂದು ದಾರಿ ಇರಲೆಂದು ಬಾಗಿಲು ಬಿಟ್ಟಿದ್ದರು. ಡ್ರೈವರುಗಳನ್ನು ಲೋಡ್ ಮಾಡುವ ಮಾಡ್‌ಪ್ರೋಬ್‌ನ ಸೆಟ್ಟಿಂಗ್ ಕಡತಕೋಶದಲ್ಲಿ ಒಂದೇ ಸಾಲಿನ ಕಡತ ಬರೆದಿಟ್ಟು, ಯಂತ್ರ ಪೂರ್ತಿ ಆರಿಸಿ ಹಚ್ಚಿದೆವು. ಚಾರ್ಜರ್ ಕಿತ್ತೆವು. ಕ್ಲಾಸು ಮುಗಿಯುವ ತನಕ ಸಂಪರ್ಕ ಹೋಗಲಿಲ್ಲ. ಅಷ್ಟಕ್ಕೇ ನಂಬಬಾರದೆಂದು ಆ ಸಾಲನ್ನು ತೆಗೆದು ನೋಡಿದೆವು, ದೋಷ ಮರಳಿತು. ಮತ್ತೆ ಹಾಕಿದೆವು, ಹೋಯಿತು. ಆಮೇಲೆ ಗಾಳಿಯ ಉಳಿತಾಯವನ್ನು ಮತ್ತೆ ಚಾಲೂ ಮಾಡಿದರೂ ಏನೂ ಆಗಲಿಲ್ಲ. ನಿಜವಾದ ಕಾರಣ ಎರಡನೆಯದೇ ಆಗಿತ್ತು. ರೇಡಿಯೋ ಮಲಗಿದಾಗ ಕೊಂಡಿಯೂ ಮಲಗುವ ಅವಕಾಶ ಹೆಚ್ಚಾಗುತ್ತಿತ್ತು, ಅದಕ್ಕೇ ಮೊದಲನೆಯದನ್ನು ಬಂದ್ ಮಾಡಿದಾಗ ದೋಷ ವಿರಳವಾದದ್ದು. ಬ್ಯಾಟರಿ ಈಗ ತುಸು ಬೇಗ ಇಳಿಯುತ್ತದೆ. ಅದು ಅವಳಿಗೆ ಒಪ್ಪಿಗೆ. ಇನ್ವರ್ಟರಿನ ಬ್ಯಾಟರಿ ಬದಲಿಸುವ ಮಾತನ್ನು ಅಣ್ಣ ಕೈಬಿಟ್ಟ.

ವಿಂಡೋಸ್‌ನಲ್ಲಿರುವವರಿಗೂ ಈ ದಾರಿ ಮುಚ್ಚಿಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ವೈಫೈ ಕಾರ್ಡಿನ ಪವರ್ ಮ್ಯಾನೇಜ್‌ಮೆಂಟ್ ಪುಟ ತೆರೆದರೆ, ವಿದ್ಯುತ್ ಉಳಿಸಲು ಈ ಸಾಧನವನ್ನು ಆರಿಸಬಹುದು ಎಂಬ ಗುರುತು ಹಲವು ಯಂತ್ರಗಳಲ್ಲಿ ಕಾಣುತ್ತದೆ; ಅದನ್ನು ತೆಗೆದು ನೋಡಬೇಕು. ನೆಟ್‌ಶ್ ಕಮಾಂಡಿನಿಂದ ಮೂರು ದಿನದ ವೈಫೈ ವರದಿಯನ್ನು ಬ್ರೌಸರಿನಲ್ಲಿ ನೋಡುವಂತೆ ತೆಗೆಯಬಹುದು. ವಿಂಡೋಸ್, ಲಿನಕ್ಸ್ ಎರಡೂ ಒಂದೇ ಯಂತ್ರದಲ್ಲಿದ್ದರೆ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಬಂದ್ ಮಾಡಿ. ಅದು ಯಂತ್ರವನ್ನು ಪೂರ್ತಿ ಆರಿಸುವುದಿಲ್ಲ, ಕಾರ್ಡನ್ನು ಅರೆನಿದ್ದೆಯಲ್ಲಿ ಬಿಟ್ಟುಹೋಗಬಹುದು. ಆಮೇಲೆ ಕೆಲವು ಸಲ ಲಿನಕ್ಸಿಗೆ ಅದನ್ನು ಎಬ್ಬಿಸಲು ಆಗುವುದಿಲ್ಲ. ಯುಎಸ್‌ಬಿ ಡಾಂಗಲ್ ಕೊಂಡು ಪಾರಾಗುವವರು ಡಬ್ಬಿಯ ಮೇಲಿನ ಹೆಸರನ್ನು ನಂಬಬಾರದು. ಹೆಸರು ಅದೇ ಇದ್ದು ಆವೃತ್ತಿ ಬದಲಾದರೆ ಒಳಗಿನ ಚಿಪ್ಪೇ ಬೇರೆ ಇರಬಹುದು.

ಆದರೆ ಕಾರ್ಡು ಯಾಕೆ ಏಳಲಿಲ್ಲ ಎಂಬ ಪ್ರಶ್ನೆ ಹಾಗೇ ಉಳಿದಿದೆ, ಅದು ನನ್ನನ್ನು ಬಿಡುತ್ತಿಲ್ಲ. ಡ್ರೈವರಿನ ಸಾಲುಗಳನ್ನು ನಾನು ಓದಬಲ್ಲೆ. ಲಿನಕ್ಸಿನದಾದ್ದರಿಂದ ಅದರ ಮೂಲ ಯಾರಿಗಾದರೂ ಸಿಗುತ್ತದೆ, ಕಲಬುರಗಿಯ ಪಾಲಿಟೆಕ್ನಿಕ್ಕಿನ ಮಾಸ್ತರನಿಗೂ ಸಿಗುತ್ತದೆ. ಕಾರ್ಡಿನೊಳಗಿನ ಸಣ್ಣ ಪ್ರೊಸೆಸರಿನ ಮೇಲೆ ನಡೆಯುವ ಫರ್ಮ್‌ವೇರು ಮಾತ್ರ ಬರೀ ಅಂಕಿಗಳ ಮುದ್ದೆ. ಯಂತ್ರ ಶುರುವಾದಾಗ ಡ್ರೈವರು ಅದನ್ನು ಡಿಸ್ಕಿನಿಂದ ತೆಗೆದು ಕಾರ್ಡಿಗೆ ಕೊಡುತ್ತದೆ. ಒಳಗೆ ಏನು ಬರೆದಿದೆ ಎಂದು ತಯಾರಿಸಿದವರಿಗಷ್ಟೇ ಗೊತ್ತು. ನನ್ನ ಹುಡುಕಾಟ ನಿಂತದ್ದು ಅಲ್ಲಿ.

ಈ ಬಾಗಿಲು ಇಷ್ಟಾದರೂ ತೆರೆದಿರುವುದಕ್ಕೆ ಹಿಂದೆ ದುಡಿದವರಿದ್ದಾರೆ. ಇಪ್ಪತ್ತು ವರ್ಷದ ಹಿಂದೆ ಲಿನಕ್ಸಿನಲ್ಲಿ ವೈಫೈ ನಡೆಸುವುದೇ ಒಂದು ಸಾಹಸ. ಎನ್‌ಡಿಐಎಸ್‌ರ್‍ಯಾಪರ್ ಎಂಬ ಸಾಧನದಿಂದ ವಿಂಡೋಸಿನ ಡ್ರೈವರನ್ನೇ ಲಿನಕ್ಸಿನೊಳಗೆ ಕೂರಿಸುತ್ತಿದ್ದರು. ಬ್ರಾಡ್‌ಕಾಮ್ ಚಿಪ್ಪುಗಳಿಗೆ ಕೈಪಿಡಿ ಸಿಗದಿದ್ದಾಗ ಸ್ವಯಂಸೇವಕರು ಎರಡು ತಂಡವಾದರು. ಒಂದು ತಂಡ ಇದ್ದ ಡ್ರೈವರನ್ನು ಬಿಚ್ಚಿ ಚಿಪ್ಪಿನ ನಡವಳಿಕೆಯ ವಿವರಣೆ ಬರೆಯಿತು. ಆ ಡ್ರೈವರನ್ನು ಕಣ್ಣಿಂದಲೂ ನೋಡದ ಇನ್ನೊಂದು ತಂಡ ಬರೀ ವಿವರಣೆ ಓದಿ ಹೊಸ ಡ್ರೈವರು ಬರೆಯಿತು. ಕಾನೂನಿನ ತಕರಾರು ಬರಬಾರದೆಂದು ಇಷ್ಟು ಕಟ್ಟುನಿಟ್ಟು. ಆ ಡ್ರೈವರು 2006ರಲ್ಲಿ ಕರ್ನಲ್ಲಿಗೆ ಸೇರಿತು. 2007ರಲ್ಲಿ ಬಹಳಷ್ಟು ಕಾರ್ಡುಗಳ ಡ್ರೈವರಿಗೆ ನೆಲೆಯಾಗುವ ಮ್ಯಾಕ್80211 ಎಂಬ ಪದರ ಬಂತು. ಡಿವೈಸ್‌ಸ್ಕೇಪ್ ಎಂಬ ಕಂಪನಿ ತನ್ನ ಕೆಲಸವನ್ನು ಬಿಟ್ಟುಕೊಟ್ಟದ್ದರಿಂದ ಆದದ್ದು ಅದು. 2008ರಲ್ಲಿ ಅಥೆರೋಸ್ ಕಂಪನಿಯೇ ಎಟಿಎಚ್9ಕೆ ಎಂಬ ಮುಕ್ತ ಡ್ರೈವರು ಕೊಟ್ಟಿತು. ಆ ಸರಣಿಯ ಪಿಸಿಐ ಕಾರ್ಡುಗಳಿಗೆ ಹೊರಗಿನಿಂದ ಫರ್ಮ್‌ವೇರೇ ಬೇಕಿಲ್ಲ, ಡ್ರೈವರಿನಲ್ಲಿ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಪಾಠಕ್ಕೆಂದು ಅಂಥದೊಂದು ಹಳೆಯ ಕಾರ್ಡನ್ನು ನಾನು ಜೋಪಾನವಾಗಿ ಇಟ್ಟಿದ್ದೇನೆ. 2010ರಲ್ಲಿ ಬ್ರಾಡ್‌ಕಾಮ್ ಕೂಡ ತನ್ನ ಕೆಲವು ಚಿಪ್ಪುಗಳಿಗೆ ಮುಕ್ತ ಡ್ರೈವರು ಕೊಟ್ಟಿತು. ಮುಚ್ಚಿದ ಫರ್ಮ್‌ವೇರನ್ನು ಇನ್‌ಸ್ಟಾಲರಿನಿಂದ ದೂರ ಇಟ್ಟಿದ್ದ ಡೆಬಿಯನ್ ಎಂಬ ಲಿನಕ್ಸ್ ಬಳಗ 2022ರಲ್ಲಿ ಮತ ಹಾಕಿ ಅದನ್ನು ಒಳಗೆ ಬಿಟ್ಟಿತು. 2023ರ ಜೂನಿನಲ್ಲಿ ಬಂದ ಡೆಬಿಯನ್ 12ರಿಂದ ಹೊಸಬರಿಗೆ ಮೊದಲ ದಿನವೇ ವೈಫೈ ಸಿಗುತ್ತದೆ. ಆ ತೀರ್ಮಾನ ನನಗೆ ಒಪ್ಪಿಗೆ. ಹಳ್ಳಿಯಿಂದ ಬಂದ ಹುಡುಗಿಯೊಬ್ಬಳು ಮೊದಲ ಸಲ ಲಿನಕ್ಸ್ ಹಾಕುವಾಗ ನೆಟ್ಟೇ ಇಲ್ಲದಿದ್ದರೆ ಅವಳು ಅದನ್ನು ಕಲಿಯುವುದಾದರೂ ಹೇಗೆ? ಫರ್ಮ್‌ವೇರು ತೆರೆದಿರಬೇಕು ಎಂಬ ಬೇಡಿಕೆಯನ್ನು ಮಾತ್ರ ಬಿಡಬಾರದು.

ನನ್ನ ಕೈಲಿ ಆಗುವುದು ಇನ್ನೊಂದಿತ್ತು. ಲಿನಕ್ಸಿನ ಡ್ರೈವರುಗಳಲ್ಲಿ ನಿರ್ದಿಷ್ಟ ಲ್ಯಾಪ್‌ಟಾಪ್ ಮಾದರಿಗಳ ಪಟ್ಟಿ ಇರುತ್ತದೆ. ಈ ಮಾದರಿಯಲ್ಲಿ ಈ ಕಾರ್ಡು ಕಂಡರೆ ಎಎಸ್‌ಪಿಎಂ ಬಂದ್ ಇಡು ಎಂಬಂಥ ಸಾಲುಗಳು. ಬಯೋಸ್ ಹೇಳುವ ಮಾದರಿಯ ಹೆಸರನ್ನು ನೋಡಿ ಡ್ರೈವರು ತಾನೇ ಹೊಂದಿಕೊಳ್ಳುತ್ತದೆ. ಅಂಥ ಪ್ರತಿಯೊಂದು ಸಾಲಿನ ಹಿಂದೆ ಎಲ್ಲೋ ಒಬ್ಬರು ಲಾಗ್ ಓದಿ ವರದಿ ಕಳಿಸಿದ್ದಾರೆ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಮ್ಮ ವರದಿ ಬರೆದೆವು. ಯಂತ್ರದ ಮಾದರಿ, ಬಯೋಸಿನ ಆವೃತ್ತಿ, ಕಾರ್ಡಿನ ಗುರುತಿನ ಸಂಖ್ಯೆ, ಕರ್ನಲ್ಲಿನ ಆವೃತ್ತಿ, ಚಾರ್ಜರ್ ಕಿತ್ತರೆ ಆಗುವುದು, ಎಂಟು ಎಫ್ ಇರುವ ಲಾಗಿನ ತುಣುಕು, ಆಯ್ಕೆ ಹಾಕಿದಾಗ ಮತ್ತು ತೆಗೆದಾಗ ಕಂಡ ವ್ಯತ್ಯಾಸ. ಮನೆಯ ವೈಫೈ ಹೆಸರು, ನೆಟ್‌ವರ್ಕಿನಲ್ಲಿ ಕಾರ್ಡನ್ನು ಗುರುತಿಸುವ ಮ್ಯಾಕ್ ವಿಳಾಸ ಇವನ್ನು ಅಳಿಸಿ ಕಳಿಸಿದೆವು. ಇದನ್ನು ಎಲ್ಲರೂ ಪಾಲಿಸಬೇಕು. ಡ್ರೈವರು ನೋಡಿಕೊಳ್ಳುವವರಿಂದ ಉತ್ತರ ಬಂದಿದೆ, ಪಿಸಿಐ ಕೊಂಡಿಯ ಪೂರ್ತಿ ವಿವರ ಕೇಳಿದ್ದಾರೆ. ಅದನ್ನು ಅವಳೇ ತೆಗೆದು ಕಳಿಸಿದ್ದಾಳೆ.

ನಾವು ಬರೆದಿಟ್ಟ ಒಂದು ಸಾಲಿನ ಕಡತದ ಮೇಲ್ಭಾಗದಲ್ಲಿ ಅವಳು ಕನ್ನಡದಲ್ಲಿ ಒಂದು ಟಿಪ್ಪಣಿ ಸೇರಿಸಿದ್ದಾಳೆ. ಈ ಸಾಲು ಯಾಕಿದೆ, ಯಾವ ತಾರೀಖಿಗೆ ಹಾಕಿದ್ದು, ತೆಗೆದರೆ ಏನಾಗುತ್ತದೆ, ಮುಂದಿನ ದೊಡ್ಡ ಕರ್ನಲ್ ಅಪ್‌ಡೇಟ್ ಬಂದಾಗ ಇದನ್ನು ತೆಗೆದು ಚಾರ್ಜರ್ ಕಿತ್ತು ಪರೀಕ್ಷಿಸಬೇಕು ಎಂದು.